ಸುಳಿ ಒರೆಸಿದ ಮಾಸ್ತರ

ನನ್ನ ಮುಖ ಸದ್ಯಕ್ಕೆ ನಮ್ಮಣ್ಣನ ಬಣವೆಯ ಮೇಲೆ ಮಲಗಿದೆ. ಗಾಬರಿಯಾಗಬೇಡಿ, ನಾನು ಆರೋಗ್ಯವಾಗಿದ್ದೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ತೊಡಗಿ ಇಪ್ಪತ್ತೈದು ವರ್ಷ ತುಂಬಿದಾಗ ಹಳೆಯ ವಿದ್ಯಾರ್ಥಿಗಳು ಪ್ರೀತಿಯಿಂದ ಸಂಶಿಯ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಸನ್ಮಾನ ಮುಗಿದ ಮೇಲೆ ಫ್ಲೆಕ್ಸಿಗೆ ಏನು ಕೆಲಸ? ಅಣ್ಣ ಬಿಚ್ಚಿಕೊಂಡು ಹೋಗಿ ಜೋಳದ ಕಣಿಕೆಯ ಬಣವೆಗೆ ಹೊದಿಸಿದ. ಈಗ ಮಳೆ ಬಂದರೆ ನೀರು ನನ್ನ ಹಣೆಯಿಂದ ಮೂಗಿಗೆ, ಮೂಗಿನಿಂದ ಗದ್ದಕ್ಕೆ ಇಳಿದು ಹೋಗುತ್ತದೆ. ಒಳಗಿನ ಮೇವು ಒಣಗಿಯೇ ಇರುತ್ತದೆ. ಇಪ್ಪತ್ತೈದು ವರ್ಷದ ಸೇವೆಯಲ್ಲಿ ನಾನು ಇಷ್ಟು ನೇರವಾಗಿ ಯಾರ ಉಪಯೋಗಕ್ಕೂ ಬಂದಿರಲಿಲ್ಲ.

ಆದರೆ ಆ ಮುಖ ನನ್ನದೇ ಎಂದು ಆಣೆ ಮಾಡಿ ಹೇಳಲಾರೆ. ಫ್ಲೆಕ್ಸ್ ಮಾಡಿದ ಪುಣ್ಯಾತ್ಮ ನನ್ನ ಬೋಳು ತಲೆಯ ಮೇಲೆ ದಟ್ಟವಾದ ಕಪ್ಪು ಕೂದಲು ಬೆಳೆಸಿದ್ದ. ಕೆನ್ನೆ ನುಣ್ಣಗೆ ಮಾಡಿ, ಬಣ್ಣವನ್ನು ಮೂರು ಪಟ್ಟು ಬೆಳ್ಳಗಾಗಿಸಿ, ತುಟಿಗೆ ಸ್ವಲ್ಪ ಗುಲಾಬಿ ಬಳಿದು, ಬೆನ್ನ ಹಿಂದೆ ಹಿಮದ ಗುಡ್ಡ ನಿಲ್ಲಿಸಿದ್ದ. ಕುಂದಗೋಳ ತಾಲೂಕು ಬಿಟ್ಟು ಹೆಚ್ಚು ದೂರ ಹೋಗದ ನನಗೆ ಹಿಮ ಗೊತ್ತಿರುವುದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ಫ್ಲೆಕ್ಸನ್ನು ಮೊದಲು ನೋಡಿದ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಬಹಳ ಹೊತ್ತು ನಿಂತು ಅಣ್ಣನನ್ನು ಕೇಳಿದಳಂತೆ: "ಹೆಸರು ಮೈದುನಂದ ಬರದಾರ ಖರೆ, ಫೋಟೋ ಯಾರದರಿ ಇದು?"

ಹೀಗೆ ಸುಳ್ಳು ಹೇಳುವುದನ್ನು ಫೋಟೋಗಳಿಗೆ ಮೊಬೈಲ್ ಕಲಿಸಿತು ಎಂದು ಮಂದಿ ಬೈಯುವುದನ್ನು ಕೇಳಿದ್ದೇನೆ. ನನಗೆ ನಗು ಬರುತ್ತದೆ. ನಾನು ಸಣ್ಣವನಿದ್ದಾಗ ತಾಲೂಕಿನ ಊರಲ್ಲಿ ಒಂದು ಫೋಟೋ ಸ್ಟುಡಿಯೋ ಇತ್ತು. ಅದರ ಗೋಡೆಯ ಮೊಳೆಗೆ ಒಂದು ಕರಿ ಕೋಟು ಸದಾ ತೂಗುತ್ತಿತ್ತು. ಸುತ್ತಲಿನ ಹಳ್ಳಿಯ ಗಂಡಸರೆಲ್ಲ ಜೀವಮಾನದಲ್ಲಿ ಒಮ್ಮೆ ಆ ಕೋಟಿನೊಳಗೆ ಹೊಕ್ಕು ಹೊರಬಂದವರೇ. ಇವತ್ತಿಗೂ ಯಾರ ಮನೆಗೆ ಹೋದರೂ ಪಡಸಾಲೆಯ ಗೋಡೆಯ ಮೇಲೆ ಅಜ್ಜಂದಿರು ಅದೇ ಕೋಟಿನಲ್ಲಿ ಕಾಣುತ್ತಾರೆ. ಕೋಟಿಗೆ ಮೂರನೆಯ ಗುಂಡಿ ಇಲ್ಲ. ದಪ್ಪನೆಯ ಅಜ್ಜನಿಗೆ ಅದು ಬಿಗಿಯಾಗಿ ಕೈ ಎತ್ತಲು ಬಂದಿಲ್ಲ, ಸಣಕಲು ಅಜ್ಜನ ಬೆನ್ನಿಗೆ ಪಿನ್ನು ಚುಚ್ಚಿ ನಿಲ್ಲಿಸಿದ್ದಾರೆ. ಕೆಳಗೆ ಮಾತ್ರ ಎಲ್ಲರದೂ ಧೋತರ.

ನಮ್ಮಪ್ಪ ನಮ್ಮನ್ನೆಲ್ಲ ಒಮ್ಮೆ ಅಲ್ಲಿಗೆ ಕರೆದೊಯ್ದಿದ್ದ. ಸ್ಟುಡಿಯೋದವನು ಒಂದೇ ಪಫಿನಿಂದ ಎಲ್ಲರ ಮುಖಕ್ಕೂ ಪೌಡರ್ ಬಡಿದ. ಅವ್ವನ ಮುಖಕ್ಕೆ ಕೈ ತಂದಾಗ ಆಕೆ ಸೆರಗು ಅಡ್ಡ ಹಿಡಿದು, "ಇದ್ದ ಮಾರಿ ಇದ್ದಂಗ ತಗೀರಿ, ಜೋಳದ ಹಿಟ್ಟು ಬಡದಂಗ ಬಡೀಬ್ಯಾಡ್ರಿ" ಎಂದಳು. ಅವನಿಗೆ ಸಿಟ್ಟು ಬಂದಿರಬೇಕು. ಅವ್ವ ಕಣ್ಣು ಮುಚ್ಚಿದ ಗಳಿಗೆ ನೋಡಿಯೇ ಗುಂಡಿ ಒತ್ತಿದ. ಆಮೇಲೆ ಫೋಟೋ ಕೊಡುವಾಗ ಸಮಾಧಾನಕ್ಕೆ ಮುಚ್ಚಿದ ರೆಪ್ಪೆಯ ಮೇಲೆ ಪೆನ್ಸಿಲಿನಿಂದ ಎರಡು ಕಣ್ಣು ಬರೆದುಕೊಟ್ಟ. ಆ ಕಣ್ಣು ಒಂದು ನಮ್ಮಪ್ಪನನ್ನೂ ಒಂದು ಬಾಗಿಲನ್ನೂ ನೋಡುತ್ತಿದ್ದವು. ಅವ್ವ ಇರುವ ತನಕ ಆ ಫೋಟೋವನ್ನು ಗೋಡೆಗೆ ಹಾಕಲು ಬಿಡಲಿಲ್ಲ.

ಇಂಥ ವಂಶದಲ್ಲಿ ಹುಟ್ಟಿದ ನನಗೆ ಐವತ್ತು ದಾಟಿದ ಮೇಲೆ ಫೋಟೋದ ಹುಚ್ಚು ಹಿಡಿಯಿತು. ಮಗಳು ಹೊಸ ಮೊಬೈಲ್ ಕೊಡಿಸಿ, ಫೋಟೋ ತಿದ್ದುವುದನ್ನೂ ಒಂದು ಮಧ್ಯಾಹ್ನ ಕುಳಿತು ಹೇಳಿಕೊಟ್ಟಳು. ಮಂಗನ ಕೈಯಲ್ಲಿ ಮಾಣಿಕ್ಯ ಕೊಟ್ಟಂತಾಯಿತು. ಬೇಡವಾದದ್ದನ್ನು ಬೆರಳಿನಿಂದ ಒರೆಸಿದರೆ ಮಾಯವಾಗುತ್ತದೆ. ಆಕಾಶ ಸಪ್ಪಗಿದ್ದರೆ ಬೇರೆ ಆಕಾಶ ಹಚ್ಚಬಹುದು. ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಇಷ್ಟು ವರ್ಷ ಒಂದು ಪ್ರಯೋಗವೂ ಪುಸ್ತಕದಲ್ಲಿ ಬರೆದಂತೆ ಆಗದೆ ನೊಂದಿದ್ದ ನನಗೆ, ಒತ್ತಿದ ತಕ್ಷಣ ಆಗುವ ಈ ವಿದ್ಯೆ ಬಹಳ ಹಿಡಿಸಿತು.

ಹೆಂಡತಿ ಶಾಂತಾ ಬಡಿದ ರೊಟ್ಟಿಯ ಫೋಟೋ ತೆಗೆದು ಬಣ್ಣ ಏರಿಸಿ ಬೀಗರ ಗುಂಪಿಗೆ ಕಳಿಸಿದೆ. "ರೊಟ್ಟಿ ಹೊತ್ಯಾವಲ್ಲ, ಶಾಂತಾ ಆರಾಮ ಅದಾಳೇನು?" ಎಂದು ಬೀಗಿತ್ತಿ ಫೋನ್ ಮಾಡಿ ವಿಚಾರಿಸಿದಳು. ಶಾಂತಾ ಎರಡು ದಿನ ನನಗೆ ತಂಗಳು ರೊಟ್ಟಿ ಹಾಕಿದಳು. ಇನ್ನೊಮ್ಮೆ ಅಣ್ಣನ ಕಡಲೆ ಹೊಲಕ್ಕೆ ಮುಂಜಾವಿನ ಹೊಂಬಣ್ಣ ಹಚ್ಚಿ ಊರ ಗುಂಪಿಗೆ ಹಾಕಿದೆ. ನಮ್ಮದು ಅಚ್ಚ ಕರಿ ಎರೆ ಭೂಮಿ. ಫೋಟೋದಲ್ಲಿ ಅದು ಕೆಂಪಗೆ ಬಂತು. ಅಣ್ಣನಿಗೆ ಯಾರೋ ತೋರಿಸಿದ್ದಾರೆ. ಚಪ್ಪಲಿ ಕೂಡ ಬಿಡದೆ ನಮ್ಮ ಮನೆ ಹೊಕ್ಕು, "ಲೇ ಮಾಸ್ತರ, ಅಜ್ಜನ ಕಾಲದ ಎರಿ ಹೊಲಾನ ಒಂದ ರಾತ್ರ್ಯಾಗ ಮಸಾರಿ ಮಾಡಿದೆಲ್ಲೋ. ಮಂದಿ ಏನ ಅಂದಾರು?" ಎಂದ. ಎರೆಯನ್ನು ಮಸಾರಿ, ಅಂದರೆ ಕೆಂಪು ನೆಲ, ಎನ್ನುವುದು ನಮ್ಮ ಕಡೆ ಒಕ್ಕಲಿಗನಿಗೆ ಮರ್ಯಾದೆಯ ಪ್ರಶ್ನೆ. ನಾನು ಬಣ್ಣದ ಸಿದ್ಧಾಂತ ವಿವರಿಸಲು ಹೋದೆ. ಅವನು ಅರ್ಧಕ್ಕೇ ಎದ್ದು ಹೋದ.

ಅಣ್ಣ ಚನ್ನಬಸಪ್ಪನ ಬಗ್ಗೆ ಒಂದು ಮಾತು ಹೇಳಬೇಕು. ನನಗಿಂತ ಎಂಟು ವರ್ಷ ದೊಡ್ಡವನು. ನಾನು ಓದಲಿ ಎಂದು ತಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ನೇಗಿಲು ಹಿಡಿದವನು. ಊರಲ್ಲಿ ಯಾರು ಎತ್ತು ಕೊಳ್ಳುವುದಿದ್ದರೂ ಹಲ್ಲು, ಗೊರಸು, ಸುಳಿ ನೋಡಲು ಅವನನ್ನೇ ಕರೆಯುತ್ತಾರೆ. ಸುಳಿ ಎಂದರೆ ದನದ ಮೈಮೇಲೆ ಕೂದಲು ಸುತ್ತಿಕೊಂಡು ಕೂತಿರುವ ಜಾಗ. ಮಕ್ಕಳ ನೆತ್ತಿಯ ಮೇಲೂ ಇರುತ್ತದಲ್ಲ, ಎರಡು ಸುಳಿ ಇದ್ದವನಿಗೆ ಎರಡು ಲಗ್ನ ಎನ್ನುತ್ತಾರಲ್ಲ, ಅದೇ. ನನ್ನ ನೆತ್ತಿಯಲ್ಲಿ ಎಷ್ಟಿದ್ದವೋ, ಸಾಕ್ಷಿ ಈಗ ಉಳಿದಿಲ್ಲ. ದನದ ಸುಳಿ ಇಂಥಲ್ಲಿದ್ದರೆ ಮನೆಗೆ ಒಳ್ಳೆಯದು, ಇಂಥಲ್ಲಿದ್ದರೆ ಕೆಟ್ಟದ್ದು ಎಂಬ ಲೆಕ್ಕ ಅಣ್ಣನಿಗೆ ಬಾಯಿಪಾಠ. ತಾನು ಎತ್ತು ಮಾರುವಾಗ ಅವನು ರೇಟಿಗಿಂತ ಮೊದಲು ಐಬು ಹೇಳುತ್ತಾನೆ. ಒಮ್ಮೆ, "ಹಳ್ಳ ಕಂಡ್ರ ನಿಂತಬಿಡತೈತ್ರಿ ಇದು" ಎಂದು ತಾನಾಗಿ ಹೇಳಿ, ಬಂದ ಗಿರಾಕಿಯನ್ನು ಹಾಗೇ ಕಳಿಸಿದ್ದ. ಆ ಸಲ ವೈನಿ ಮೂರು ದಿನ ಅವನ ಕೂಡ ಮಾತಾಡಲಿಲ್ಲ.

ಹೋದ ವರ್ಷ ಅಣ್ಣನ ಜೋಡೆತ್ತಿನಲ್ಲಿ ಒಂದಕ್ಕೆ ವಯಸ್ಸಾಗಿ ಕಾಲು ಸೋತಿತು. ಅದು ಕೊಟ್ಟಿಗೆಯಲ್ಲೇ ಇರಲಿ ಎಂದು ಬಿಟ್ಟ. ಇನ್ನೊಂದು ಮೈಲಾರಿ, ಬಿಳಿ ಮೈ, ಒಳ್ಳೆಯ ಪ್ರಾಯ. ಒಂಟಿ ಎತ್ತಿಗೆ ಏನು ಗೇಯುವುದು? ಅದಕ್ಕೆ ಸರಿಜೋಡಿ ಸಿಗಲಿಲ್ಲ. ಅಣ್ಣನಿಗೂ ಅರವತ್ತು ದಾಟಿತ್ತು. ಹೊಲಕ್ಕೆ ಬಾಡಿಗೆಯ ಟ್ರ್ಯಾಕ್ಟರ್ ಸಾಕು, ಮೈಲಾರಿ ಮಾತ್ರ ಗೇಯುವವರ ಮನೆಗೇ ಹೋಗಲಿ, ಒಳ್ಳೆಯವರ ಕೈಗೆ ಹೋಗಲಿ ಎಂದು ಅವನ ಆಸೆ. ಈಗ ಎತ್ತುಗಳ ವ್ಯವಹಾರವೂ ಮೊಬೈಲಿನಲ್ಲೇ ಶುರುವಾಗುತ್ತದೆ. ಅದಕ್ಕೊಂದು ಗುಂಪು ಇದೆ. ಫೋಟೋ ಹಾಕಿದರೆ ಅಳ್ನಾವರದಿಂದ ಅಣ್ಣಿಗೇರಿಯ ತನಕ ಮಂದಿ ನೋಡುತ್ತಾರೆ. ಗುಂಡಿ ಒತ್ತುವ ಹಳೆಯ ಫೋನು ಬಿಟ್ಟರೆ ಬೇರೆ ಗೊತ್ತಿಲ್ಲದ ಅಣ್ಣ, ಹೊಲದ ಜಗಳ ಮರೆತು ನನ್ನ ಹತ್ತಿರ ಬಂದ.

"ನಾಕೂ ಕಾಲು ಕಾಣಬೇಕು, ಹೆಗಲ ಕಾಣಬೇಕು, ಬಾಲ ಕಾಣಬೇಕು. ಎದರಿಗೆ ನಿಂತು ಹಣಿದೊಂದು ಬ್ಯಾರೆ ತಗಿ. ಮೈಲಾರಿ ಹೆಂಗದಾನ ಹಂಗ ಬರಬೇಕು ನೋಡು."

ನಾನು ತೆಗೆದೆ. ಎಂಥ ಅವಕಾಶ! ಅಡ್ಡ ನಿಂತ ಫೋಟೋಕ್ಕೆ ಮುಳುಗುವ ಸೂರ್ಯನನ್ನು ತಂದೆ. ಹಿಂದಿದ್ದ ತಿಪ್ಪೆ ಕಾಣದಂತೆ ಹಿನ್ನೆಲೆ ಮಸುಕು ಮಾಡಿದೆ. ಮೇಲಿನಿಂದ ಹೂವಿನ ಎಸಳು ಉದುರುವಂತೆ ಮಾಡಿ, ಡೊಳ್ಳಿನ ಸದ್ದು ಸೇರಿಸಿ, ಬಂಗಾರದ ಅಕ್ಷರದಲ್ಲಿ ಅಣ್ಣನ ಹೆಸರು ಬರೆದೆ. ವೈನಿ ನೋಡಿ, "ಎತ್ತು ಮಾರಾಕೋ, ಎತ್ತಿನ ಲಗ್ನಕ್ಕ ಮಂದೀನ ಕರ್ಯಾಕೋ?" ಎಂದಳು. ಅಣ್ಣ ಕಣ್ಣು ಕಿರಿದು ಮಾಡಿ ನೋಡಿದ.

"ಬಾಲ ಎಲ್ಲೋ?"

"ಮಸುಕಿನ್ಯಾಗ ಹೋಗೇತಿ ಅಣ್ಣಾ. ಅದು ಕಲಾ."

"ನೊಣ ಬಂದ್ರ ಕಲಾ ಬಡೀತೈತೇನು?" ಎಂದವನು ಎದ್ದು ಹೋದ. ಹಣೆಯ ಫೋಟೋವನ್ನು ನಾನು ಅವನಿಗೆ ತೋರಿಸಲೇ ಇಲ್ಲ. ಅದರಲ್ಲಿ ಮೈಲಾರಿಯ ಎರಡು ಕಣ್ಣಿನ ನಡುವೆ, ಸ್ವಲ್ಪ ಮೇಲೆ, ಮಚ್ಚೆಯಂಥದ್ದು ಏನೋ ಕಂಡಿತು. ಇಷ್ಟು ಚಂದದ ಮುಖಕ್ಕೆ ಇದೊಂದು ಯಾಕೆ ಎಂದು ಬೆರಳಿನಿಂದ ಎರಡು ಸಲ ಒರೆಸಿದೆ. ಹಣೆ ಕನ್ನಡಿಯಾಯಿತು. ಎರಡೂ ಫೋಟೋ ಗುಂಪಿಗೆ ಹಾಕಿದೆ.

ಮೆಚ್ಚುಗೆಯ ಹೆಬ್ಬೆರಳುಗಳು ಮಳೆ ಸುರಿದಂತೆ ಬಂದವು. ನಾನು ಹಿಗ್ಗಿದೆ. ನಾಲ್ಕನೆಯ ದಿನ ಕಲಘಟಗಿ ಕಡೆಯ ದೇವಿಕೊಪ್ಪದಿಂದ ನಿಂಬೆವ್ವ ಎನ್ನುವ ಹೆಣ್ಣುಮಗಳು ಫೋನ್ ಮಾಡಿ, ಮರುದಿನವೇ ತಮ್ಮನ ಗೂಡ್ಸ್ ಗಾಡಿಯಲ್ಲಿ ಬಂದು ಇಳಿದಳು. ಅರವತ್ತರ ಆಸುಪಾಸು, ಸೊಂಟಕ್ಕೆ ಬಿಗಿದ ಸೆರಗು. ಗಂಡ ತೀರಿದ ಮೇಲೆ ಇಪ್ಪತ್ತು ವರ್ಷ ತಾನೇ ಒಕ್ಕಲುತನ ಮಾಡಿಸಿದವಳು. ಅವಳ ಮನೆಯಲ್ಲೂ ಒಂದು ಒಂಟಿ ಎತ್ತು ಜೋಡಿಗೆ ಕಾಯುತ್ತಿತ್ತು. ವೈನಿ ಕೊಟ್ಟ ಚಹಾ ಕೂಡ ಮುಟ್ಟದೆ ನೇರ ಕೊಟ್ಟಿಗೆಗೆ ಹೋದಳು. ಎತ್ತು ನೋಡಲು ಬಂದವರಿದ್ದಾರೆ ಎಂದರೆ ನಮ್ಮ ಓಣಿಯ ಮಂದಿಗೂ ಬೇರೆ ಕೆಲಸವಿರುವುದಿಲ್ಲ. ಏಳೆಂಟು ಜನ ಬಂದು ಗೋಡೆಗೆ ಒರಗಿ ನಿಂತರು.

ನಿಂಬೆವ್ವ ಮೈಲಾರಿಯ ಎದುರು ನಿಂತು ಹಣೆಯ ಮೇಲೆ ಅಂಗೈ ಆಡಿಸಿದಳು. ಕೈ ಅಲ್ಲೇ ನಿಂತಿತು. ತಮ್ಮನ ಮೊಬೈಲ್ ಇಸಿದುಕೊಂಡು ಫೋಟೋ ನೋಡಿದಳು. ಮತ್ತೆ ಹಣೆ ನೋಡಿದಳು.

"ಚನಬಸಣ್ಣಾರ, ಫೋಟೋದಾಗ ಹಣಿ ಬೋಳೈತಿ. ಇಲ್ಲಿ ಸುಳಿ ಐತಿ."

"ಇರದ ಏನ್ರಿ ಅಕ್ಕಾರ, ಹುಟ್ಟಿದಾಗಿಂದ ಐತಿ. ನಡು ಹಣಿ ಸುಳಿ, ಮನಿಗೆ ಚಲೋ."

"ಚಲೋ ಅಂಬೂದು ನನಗೂ ಗೊತ್ತೈತ್ರಿ. ಒಂದೋ ಇದು ಆ ಎತ್ತಲ್ಲ, ಇಲ್ಲಾ ನೀವು ಸುಳಿ ಮುಚ್ಚೀರಿ. ಚಲೋ ಸುಳೀನ ಮುಚ್ಚಿದವರು ಕೆಟ್ಟದ್ದು ಎಷ್ಟು ಮುಚ್ಚಿರಬ್ಯಾಡ?"

ಗೋಡೆಗೆ ಒರಗಿದ್ದವರು ನೆಟ್ಟಗಾದರು. ಸುಳಿ ನಂಬುವುದು ಬಿಡುವುದು ಬೇರೆ ಮಾತು. ನಾನು ವಿಜ್ಞಾನದ ಮಾಸ್ತರ, ನಂಬುವುದಿಲ್ಲ. ಆದರೆ ಸುಳಿ ಮುಚ್ಚಿ ಎತ್ತು ಮಾರುವವನು ಎನ್ನುವ ಮಾತು ನಮ್ಮ ಕಡೆ ಒಮ್ಮೆ ಹುಟ್ಟಿತೆಂದರೆ, ಅದು ಅಳಿಸಿ ಹೋಗುವುದಿಲ್ಲ. ಐವತ್ತು ವರ್ಷ ಐಬು ಮೊದಲು ಹೇಳಿ ಗಳಿಸಿದ ಹೆಸರನ್ನು ಅಣ್ಣ ತನ್ನದೇ ಕೊಟ್ಟಿಗೆಯಲ್ಲಿ, ತನ್ನದೇ ಓಣಿಯವರ ಎದುರು ಕಳೆದುಕೊಳ್ಳುತ್ತಿದ್ದ. ಅವನು ಮೊಬೈಲ್ ಇಸಿದುಕೊಂಡು ನೋಡಿದ. ಮುಖ ಕಪ್ಪಿಟ್ಟಿತು. ಒಮ್ಮೆ ನನ್ನ ಕಡೆ ನೋಡಿದ. ಬೆರಳು ತೋರಿಸಿದ್ದರೆ ಅವನು ಪಾರಾಗುತ್ತಿದ್ದ. ತೋರಿಸಲಿಲ್ಲ. ಸುಮ್ಮನೆ ಮೈಲಾರಿಯ ಹಗ್ಗ ಹಿಡಿದು ನಿಂತ.

ನಾನು ಏನು ಯೋಚಿಸಿದೆ ಎಂದು ನಿಜ ಹೇಳುತ್ತೇನೆ, ನಾಚಿಕೆಯಾದರೂ. ಮೊಬೈಲೇ ತಾನಾಗಿ ಹಾಗೆ ಮಾಡಿತು ಎಂದುಬಿಡೋಣ ಎಂದುಕೊಂಡೆ. ಯಂತ್ರದ ಮೇಲೆ ಹಾಕಿದರೆ ಯಾರೂ ಕೇಳುವುದಿಲ್ಲ, ನನ್ನ ಮಾಸ್ತರಿಕೆಯೂ ಉಳಿಯುತ್ತದೆ. ಆದರೆ ಅಣ್ಣ ಓಣಿಯವರ ಕಣ್ಣು ತಪ್ಪಿಸಿ, ಮೈಲಾರಿಯ ಹಣೆಯ ಸುಳಿಯನ್ನೇ ಹೆಬ್ಬೆರಳಿನಿಂದ ಸವರತೊಡಗಿದ. ಅದನ್ನು ನೋಡಿಯೂ ಸುಳ್ಳು ಹೇಳುವಷ್ಟು ನಾನು ಕೆಟ್ಟಿರಲಿಲ್ಲ.

"ಅಕ್ಕಾರ, ಅದನ್ನ ನಾ ಒರಸಿನ್ರಿ. ಅಣ್ಣಗ ಗೊತ್ತಿಲ್ಲ."

"ಯಾಕ ಒರಸಿದ್ರಿ?"

"ಮಚ್ಚಿ ಅನಕೊಂಡೆರಿ. ಸುಳಿ ಅಂತ ತಿಳೀಲಿಲ್ಲ."

ನಿಂಬೆವ್ವ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಯಾವ ಊರವರರಿ ನೀವು?"

"ಇದ ಊರವನರಿ. ಇವರ ತಮ್ಮ."

"ಒಕ್ಕಲುತನದ ಮನ್ಯಾಗ ಹುಟ್ಟಿ ಎತ್ತಿನ ಸುಳಿ ತಿಳೀಲಿಲ್ಲ? ಏನ ಕೆಲಸ ಮಾಡ್ತೀರಿ?"

"ಹೈಸ್ಕೂಲ್ ಮಾಸ್ತರರಿ."

"ಹಾಂ," ಎಂದಳು ನಿಂಬೆವ್ವ, ಎಲ್ಲ ಬಗೆಹರಿದವರಂತೆ. "ಹಂಗ ಅನ್ರಿ ಮತ್ತ!"

ಓಣಿಯೇ ನಕ್ಕಿತು. ಗೋಡೆಗೆ ಒರಗಿದ್ದ ಒಬ್ಬ ನಗುತ್ತ ಅಲ್ಲೇ ಕುಸಿದು ಕೂತ. ನನ್ನ ಕೈಯಲ್ಲಿ ಕಲಿತವನೇ ಅವನು. ನನಗೆ ಕಿವಿ ಬಿಸಿಯಾಯಿತು, ಆದರೆ ಅಣ್ಣನ ಮುಖಕ್ಕೆ ಬಣ್ಣ ಮರಳಿ ಬಂದದ್ದು ನೋಡಿ ಸಂತೋಷವೂ ಆಯಿತು. ಅಷ್ಟು ಸಂತೋಷ ನನಗೆ ಸನ್ಮಾನದ ದಿನವೂ ಆಗಿರಲಿಲ್ಲ. ನಿಂಬೆವ್ವ ಈಗ ಚಹಾ ಕುಡಿದಳು. ಆಮೇಲೆ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ, ಗೊರಸು ಎತ್ತಿ ನೋಡಿ, ಅಂಗಳದಲ್ಲಿ ನಡೆಸಿ ನೋಡಿದಳು. ಅಣ್ಣ ತಡೆಯಲಾರದೆ, "ಒಂದು ಐಬೈತ್ರಿ. ಛತ್ರಿ ಬಿಚ್ಚಿದ್ರ ಬೆದರ್ತಾನ" ಎಂದ. ಒಳಗಿಂದ ವೈನಿ ಹಣೆ ಚಚ್ಚಿಕೊಂಡದ್ದು ಕೇಳಿಸಿತು.

"ನಮ್ಮ ಕಡೆ ಮಳಿ ಭಾಳರಿ," ಎಂದಳು ನಿಂಬೆವ್ವ. "ಮನ್ಯಾಗ ನಾಕು ಛತ್ರಿ ಅದಾವು. ವಾರದಾಗ ರೂಢಿ ಆಗತೈತಿ."

ರೇಟಿನ ಮಾತೂ ಮುಗಿಯಿತು. ಆದರೆ ಎತ್ತು ಹತ್ತಿಸುವ ಮೊದಲು ಅವಳು ನನ್ನ ಕಡೆ ತಿರುಗಿದಳು. "ಮಾಸ್ತರ, ಇನ್ನೊಂದು ಫೋಟೋ ತಗೀರಿ. ಎತ್ತಿನ ಬಾಜೂಕ ನಿಮ್ಮ ಅಣ್ಣಾರ ನಿಂದರ್ಲಿ. ಹೆಂಗೈತಿ ಹಂಗ ಗುಂಪಿಗೆ ಹಾಕ್ರಿ. ಇಲ್ಲಾಂದ್ರ ನಾಳೆ ನಮ್ಮೂರಾಗ, ನಿಂಬೆವ್ವ ತೋರಿಸಿದ್ದೊಂದು ತಂದಿದ್ದೊಂದು ಅಂತಾರ."

ಅಣ್ಣನಿಗೆ ಫೋಟೋಕ್ಕೆ ನಿಲ್ಲಲು ಬರುವುದಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದ. ಮೈಲಾರಿಯೇ ಕತ್ತು ಚಾಚಿ ಅವನ ಕೆನ್ನೆಗೆ ತನ್ನ ಕೆನ್ನೆ ತಾಗಿಸಿತು. ಆಗ ಅವನು ಹಾಗೇ ನಿಂತ. ನಾನು ತೆಗೆದೆ. ತಿಪ್ಪೆ ಬಂತು, ಬಾಲ ಬಂತು, ಸುಳಿ ಬಂತು. ಮೊಬೈಲ್ ತನ್ನ ಅಭ್ಯಾಸದಂತೆ, ಚಂದ ಮಾಡಲೇ ಎಂದು ಕೇಳಿತು. ಬೇಡವೆಂದು ಒತ್ತಿ ಗುಂಪಿಗೆ ಹಾಕಿದೆ. ಈ ಸಲ ಬಂದ ಹೆಬ್ಬೆರಳು ಮೂರೇ ಮೂರು. ವೈನಿ ಮೈಲಾರಿಗೆ ವಿಭೂತಿ ಹಚ್ಚಿ, ಒಂದು ರೊಟ್ಟಿ ತಿನ್ನಿಸಿದಳು. ಗಾಡಿ ಓಣಿ ದಾಟಿದ ಮೇಲೂ ಅಣ್ಣ ಅಂಗಳದಲ್ಲೇ ಇದ್ದ.

ಒಂದು ವಾರ ಅವನು ನನ್ನನ್ನು ಮಾತಾಡಿಸಲಿಲ್ಲ. ಸಿಟ್ಟೆಂದು ನಾನು ತಿಳಿದಿದ್ದೆ. ಆಮೇಲೊಂದು ಮುಂಜಾನೆ ಬಂದು ಕಟ್ಟೆಯ ಮೇಲೆ ಕೂತು, ಮಳೆಯ ಮಾತು, ಕಡಲೆಯ ಮಾತು ಆಡಿ, ಕೊನೆಗೆ, "ಅವತ್ತ ತಗದಿದ್ದೆಲ್ಲ, ಆ ಫೋಟೋ ಒಂದು ತೊಳಸಿ ಕೊಡು" ಎಂದ. ಪ್ರಿಂಟ್ ಹಾಕಿಸುವುದಕ್ಕೆ ಅವನು ಈಗಲೂ ತೊಳೆಸುವುದು ಎನ್ನುತ್ತಾನೆ. ಇಡೀ ಜನ್ಮದಲ್ಲಿ ನನ್ನ ಹತ್ತಿರ ಅವನು ಒಂದು ಫೋಟೋ ಬೇಡಿದವನಲ್ಲ. ನಾನು ಮೊಬೈಲಿನಲ್ಲಿ ಅದನ್ನು ದೊಡ್ಡದು ಮಾಡಿ ಕೊಟ್ಟೆ. ಚಷ್ಮಾ ಏರಿಸಿ ಬಹಳ ಹೊತ್ತು ಎತ್ತನ್ನು ನೋಡಿದ. ಆಮೇಲೆ ಪಕ್ಕದಲ್ಲಿ ನಿಂತವನನ್ನು ನೋಡಿದ.

"ಏನೋ ಇದು, ನಾ ಇಷ್ಟ ಮುದುಕ ಆಗೇನಿ?"

ಅವನು ಶಾಂತಾ ಹತ್ತಿರದಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದ.

"ಗಲ್ಲದ ಮ್ಯಾಲಿನ ಗೆರಿ ಒಂದೀಟು ಒರಸಾಕ ಬರತೈತೇನು? ನಂದಷ್ಟ. ಮೈಲಾರಿಗೆ ಮಾತ್ರ ಕೈ ಹಚ್ಚಬ್ಯಾಡ."

ನನಗೆ ನಗು ತಡೆಯಲಾಗಲಿಲ್ಲ. ಅಣ್ಣನಿಗೆ ಇಷ್ಟಾದರೂ ಮಾಡೋಣವೆಂದು ಬಹಳ ಜಾಗರೂಕತೆಯಿಂದ ಬೆರಳಿಟ್ಟೆ. ಅವನ ಕೆನ್ನೆಯ ಗೆರೆ ಹೋಯಿತು. ಅದರ ಕೂಡ ಮೈಲಾರಿಯ ಮುಖವೂ ನುಣ್ಣಗಾಯಿತು, ಸುಳಿ ಅರ್ಧ ಮಾಸಿತು. ಹಿಂದಕ್ಕೆ ತಂದು ಮತ್ತೆ ಮಾಡಿದೆ. ಮತ್ತೆ ಅದೇ. ಕೆನ್ನೆಗೆ ಕೆನ್ನೆ ತಾಗಿ ನಿಂತಿದ್ದ ಆ ಇಬ್ಬರಲ್ಲಿ ಎಲ್ಲಿ ಒಬ್ಬ ಮುಗಿದು ಇನ್ನೊಬ್ಬ ಶುರುವಾಗುತ್ತಾನೆ ಎನ್ನುವುದು ನನ್ನ ಮೊಬೈಲಿಗೆ ತಿಳಿಯುತ್ತಿರಲಿಲ್ಲ. ನಾಲ್ಕು ಸಲ ಮಾಡಿ ಸೋತು ಅಣ್ಣನಿಗೆ ತೋರಿಸಿದೆ.

"ಆಗವಲ್ತು ಅಣ್ಣಾ. ನಿಂದು ಒರಸಿದ್ರ ಅವನ ಸುಳೀನೂ ಹೋಗತೈತಿ."

ಅಣ್ಣ ಚಷ್ಮಾ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡ.

"ಹಂಗಾದ್ರ ಬ್ಯಾಡ ಬಿಡು," ಎಂದ. "ನಾ ಮುದುಕನ ಇರ್ತೀನಿ."